ರೋಲರ್ ಪಕ್ಕದ ಕೈಮಾತು

ಮಾರ್ಚ್ ೩, ಸೋಮವಾರ

ಇವತ್ತು ಮತ್ತೆ ಕೆಲಸಕ್ಕೆ ಹೋದೆ. ಅಕ್ಕ ಹೋಗಿ ಆರು ವಾರ. ಲಾಂಡ್ರಿಯ ಬಾಗಿಲಲ್ಲೇ ಆ ಬಿಸಿ ಹಬೆ ಮುಖಕ್ಕೆ ಬಡಿಯಿತು. ಹಿಂದಕ್ಕೆ ತಿರುಗಿಬಿಡೋಣ ಅನ್ನಿಸಿತು. ಸೋಪಜ್ಜಿ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಒಗೆಯುವ ಯಂತ್ರಗಳ ಹತ್ತಿರ ಮೂವತ್ತು ವರ್ಷ ಕಳೆದವಳು ಅವಳು. ಭಾನುವಾರ ಬೀದಿಯಲ್ಲಿ ಸಿಕ್ಕರೂ ಸೋಪಿನ ವಾಸನೆಯೇ.

"ಅಳೋದಾದ್ರೆ ನನ್ನ ಮೆಷಿನ್ ಹತ್ರ ಬಂದು ಅಳು. ಅಲ್ಲಿ ಎಲ್ಲಾ ಒದ್ದೆನೇ, ಯಾರಿಗೂ ಗೊತ್ತಾಗಲ್ಲ," ಅಂದಳು.

ನನ್ನನ್ನು ಮಡಿಸುವ ಮೇಜಿಗೆ ಹಾಕಿದ್ದಾರೆ. ರೋಲರ್ ಹತ್ತಿರ ಇಬ್ಬರು ಹೊಸಬರು. ಒದ್ದೆ ಬೆಡ್‌ಶೀಟಿನ ಎರಡು ತುದಿಯನ್ನು ಇಬ್ಬರು ಹಿಡಿದು ಕಾದ ರೋಲರ್ ಬಾಯಿಗೆ ಕೊಡಬೇಕು. ಆ ಬದಿಯಿಂದ ಇಸ್ತ್ರಿಯಾಗಿ ಬರುತ್ತದೆ. ಹನ್ನೆರಡು ವರ್ಷ ಎಡಗಡೆ ನಾನು, ಬಲಗಡೆ ಅಕ್ಕ. ಇವತ್ತು ನಾನು ರೋಲರ್‌ಗೆ ಬೆನ್ನು ಮಾಡಿ ನಿಂತು ಮಡಿಸಿದೆ. ಬೆನ್ನಿಗೂ ಅದು ಕಾಣಿಸುತ್ತಲೇ ಇತ್ತು.

ಈ ನೋಟ್‌ಬುಕ್ಕು ಗುಬ್ಬಿಯದು. ಅಕ್ಕನ ಮಗಳು, ಹದಿನಾಲ್ಕು ವರ್ಷ. ಮನಸ್ಸಿನಲ್ಲಿದ್ದದ್ದನ್ನು ಬರಿ ಅಂತ ಶಾಲೆಯಲ್ಲಿ ಟೀಚರ್ ಕೊಟ್ಟಿದ್ದರಂತೆ. ಅವಳು ಮುಟ್ಟಲಿಲ್ಲ. ಹಾಳೆ ಹಾಳಾಗುತ್ತದಲ್ಲ ಅಂತ ನಾನು ತೆಗೆದುಕೊಂಡೆ. ಓದಿದ್ದು ಏಳನೇ ಕ್ಲಾಸು. ನಾನು ಮಾತಾಡುವವಳೂ ಅಲ್ಲ. ಏನು ಬರೆಯುತ್ತೇನೋ ನೋಡೋಣ.

ಮಾರ್ಚ್ ೫, ಬುಧವಾರ

ಕಾರ್ಮಿಕ ಇಲಾಖೆಯಿಂದ ಕಾಗದ ಬಂತು. ನಾನು ಮನೆಗೆ ಬರುವಷ್ಟರಲ್ಲಿ ಗುಬ್ಬಿ ಒಡೆದು ಓದಿಯಾಗಿತ್ತು. ಯಂತ್ರವೂ ಅದನ್ನು ತುರ್ತಾಗಿ ನಿಲ್ಲಿಸುವ ಹಗ್ಗವೂ ಸುಸ್ಥಿತಿಯಲ್ಲಿದ್ದವು, ಮೃತರ ಸ್ವಂತ ಅಜಾಗರೂಕತೆಯೇ ಅವಘಡಕ್ಕೆ ಕಾರಣ ಎಂದು ಬರೆದಿದೆ.

"ಚಿಕ್ಕಮ್ಮ, ಅಮ್ಮ ಫೋನ್ ನೋಡ್ತಾ ಇದ್ಲಾ?"

"ಗೊತ್ತಿಲ್ಲ ಪುಟ್ಟ. ನಾನು ಆ ಕಡೆ ತಿರುಗಿದ್ದೆ."

"ಅವತ್ತು ಬೆಳಿಗ್ಗೆ ನಾನು ಅವಳ ಹತ್ರ ಜಗಳ ಆಡಿದ್ದೆ. ಅದನ್ನೇ ಯೋಚನೆ ಮಾಡ್ತಾ ಇದ್ಲೇನೋ. ಗಮನ ಇರ್ಲಿಲ್ಲ."

ಹಾಗೆಲ್ಲ ಅಂದುಕೊಳ್ಳಬೇಡ ಅಂದೆ. ಅಷ್ಟೇ ಅಂದೆ. ಅವಳು ಕಾಗದವನ್ನು ಮಡಿಸಿ ಮೊದಲಿನ ಹಾಗೇ ಲಕೋಟೆಗೆ ಹಾಕಿಟ್ಟಳು.

ಅಧಿಕಾರಿಗಳು ಬಂದಾಗಲೂ ಆ ಕಡೆ ತಿರುಗಿದ್ದೆ ಅಂತಲೇ ಹೇಳಿದ್ದೆ. ತಿರುಗಿರಲಿಲ್ಲ. ನೋಡಿದ್ದೆ.

ಮಾರ್ಚ್ ೮, ಶನಿವಾರ

ಊಟದ ಹೊತ್ತಿಗೆ ಸೀಟಿ ಎಲ್ಲರನ್ನೂ ಕರೆದ. ನಮ್ಮ ಸೂಪರ್‌ವೈಸರು. ಯಂತ್ರದ ಸದ್ದಿನಲ್ಲಿ ಕರೆದರೆ ಕೇಳಿಸುವುದಿಲ್ಲವೆಂದು ಕೊರಳಿಗೆ ಸೀಟಿ ಕಟ್ಟಿಕೊಂಡಿರುತ್ತಾನೆ. ಇಲ್ಲಿ ಒಂದು ಹಾಡಿನ ವಿಡಿಯೋ ತೆಗೆಯುತ್ತಾರಂತೆ. ಹೆಸರು ಮಾಡಿದ ಹಾಡುಗಾರ್ತಿ. ಯಜಮಾನರು ಒಪ್ಪಿದ್ದಾರೆ. ಲಾಂಡ್ರಿ ಲಕಲಕ ಹೊಳೆಯಬೇಕು, ಎಲ್ಲರೂ ನಗುನಗುತ್ತಾ ಇರಬೇಕು.

"ನಗೋಕೆ ಓವರ್‌ಟೈಮ್ ಉಂಟಾ?" ಅಂದಳು ಸೋಪಜ್ಜಿ.

"ಅಜ್ಜಿ, ನೀನು ಕ್ಯಾಮೆರಾಗೆ ಮುಖ ತೋರಿಸ್ದೆ ಇದ್ರೆ ಸಾಕು."

"ಯಾಕೋ, ನನ್ನ ನೋಡಿ ನಿನ್ನ ಯಂತ್ರಕ್ಕೆ ನಾಚ್ಕೆ ಆಗುತ್ತಾ?"

ಎಲ್ಲರೂ ನಕ್ಕರು. ನಾನೂ ತುಟಿ ಅಗಲಿಸಿದೆ. ಅಕ್ಕನ ಸುದ್ದಿ ನಮಗೆ ಬಟ್ಟೆ ಕೊಡುವ ಆಸ್ಪತ್ರೆಗಳಿಗೂ ಹೋಟೆಲುಗಳಿಗೂ ಹಬ್ಬಿದೆ, ಅದನ್ನು ಅಳಿಸುವುದಕ್ಕೆ ಈ ವಿಡಿಯೋ ಅಂತ ಎಲ್ಲರಿಗೂ ಗೊತ್ತು.

ಬಸ್ಸಿನಿಂದ ಎರಡು ನಿಲ್ದಾಣ ಮೊದಲೇ ಇಳಿದು ನಡೆದೆ. ಕೂತರೆ ಕಾಲು ಸುಮ್ಮನಿರುವುದಿಲ್ಲ.

ಮಾರ್ಚ್ ೧೧, ಮಂಗಳವಾರ

ಹಾಡುಗಾರ್ತಿ ಬಂದಿದ್ದಳು, ಜೊತೆಗೆ ಡ್ಯಾನ್ಸ್ ಮಾಸ್ಟರು. ಅವಳಿಗೆ ಮೂವತ್ತು ದಾಟಿರಲಿಕ್ಕಿಲ್ಲ. ದೊಡ್ಡವರ ಗತ್ತಿಲ್ಲ. ಬಂದವಳೇ ಚಪ್ಪಲಿ ಕಳಚಿ ಒದ್ದೆ ಬಟ್ಟೆಯ ರಾಶಿಯ ಮೇಲೆ ಕೂತು ಅರ್ಧ ದಿನ ನೋಡಿದಳು. ನೋಡಿದ್ದು ಯಂತ್ರಗಳನ್ನಲ್ಲ, ನಮ್ಮ ಕೈಗಳನ್ನು.

ಆ ಸದ್ದಿನಲ್ಲಿ ಬಾಯಿಗೆ ಕೆಲಸವಿಲ್ಲ. ನಾವು ಕೈಯಲ್ಲೇ ಮಾತಾಡುತ್ತೇವೆ. ತುಟಿಗೆ ಎರಡು ಬೆರಳಿಟ್ಟರೆ ಸೀಟಿ ಬರುತ್ತಿದ್ದಾನೆ. ಗಲ್ಲಕ್ಕೆ ಅಂಗೈ, ನಿದ್ದೆಯಿಲ್ಲ. ಮೊಣಕೈ ತಟ್ಟಿದರೆ ಬಟ್ಟೆ ಸುತ್ತಿಕೊಂಡಿದೆ. ಕಿವಿ ಹಿಂಡಿಕೊಂಡರೆ ಇವಳ ಮಾತು ನಂಬಬೇಡ. ಯಾರು ಮಾಡಿದ್ದೋ ಗೊತ್ತಿಲ್ಲ, ನಾವು ಬರುವಾಗಲೇ ಇತ್ತು. ಊರಿನ ಎಲ್ಲ ಲಾಂಡ್ರಿಗಳಲ್ಲೂ ಹೆಚ್ಚುಕಡಿಮೆ ಇದೇ.

"ಇದನ್ನ ನಮ್ಮ ಹುಡುಗಿಯರಿಗೆ ಕಲಿಸೋರು ಯಾರು?" ಅಂತ ಮಾಸ್ಟರು ಕೇಳಿದರು.

ಸೋಪಜ್ಜಿ ನನ್ನ ಬೆನ್ನಿಗೆ ಕೈ ಹಾಕಿ ಮುಂದಕ್ಕೆ ತಳ್ಳಿದಳು. "ಇವಳು. ಬಾಯಿ ಬರಲ್ಲ, ಕೈ ಚೆನ್ನಾಗಿ ಬರುತ್ತೆ."

ಇಲ್ಲ ಅನ್ನಬೇಕಿತ್ತು. ಆದರೆ ಕಲಿಸಲು ಹೋದ ದಿನ ಲಾಂಡ್ರಿಗೆ ಬರಬೇಕಿಲ್ಲ ಅಂದರು. ರೋಲರ್ ಇಲ್ಲದ ಜಾಗ. ಒಪ್ಪಿದೆ.

ಮಾರ್ಚ್ ೧೨, ಬುಧವಾರ

ಗುಬ್ಬಿಗೆ ಹೇಳಿದೆ. ಮೊದಲು ನಂಬಲಿಲ್ಲ. ಆಮೇಲೆ ನನ್ನ ಫೋನ್ ಕಿತ್ತುಕೊಂಡು ಆ ಹಾಡುಗಾರ್ತಿಯ ಹಳೆಯ ವಿಡಿಯೋ ಹಾಕಿದಳು. ಒಬ್ಬಳು ಹೆಂಗಸು ದೊಡ್ಡ ಕಟ್ಟಡವೊಂದರ ಮೆಟ್ಟಿಲು ಒರೆಸುತ್ತಾಳೆ. ಜನ ಹತ್ತುತ್ತಾರೆ, ಇಳಿಯುತ್ತಾರೆ. ಹಾಡು ಮಾತ್ರ ಪ್ರೀತಿಯ ಹಾಡು, ನೀನು ಬಂದೆ, ನನ್ನ ಹತ್ತಿರ ಬಂದೆ ಅಂತ.

"ಚೆನ್ನಾಗಿದೆ," ಅಂದೆ.

"ಏನು ಚೆನ್ನಾಗಿದೆ? ನೀನು ನೋಡ್ಲೇ ಇಲ್ಲ." ನಿಲ್ಲಿಸಿ ಹಿಂದಕ್ಕೆ ತಂದಳು. "ಬಂದೆ ಬಂದೆ ಅಂತ ಹಾಡಿದಾಗೆಲ್ಲ ಒಂದು ಕಾಲು ಬರುತ್ತೆ, ನೋಡು. ಒರೆಸಿದ ಜಾಗದ ಮೇಲೇ. ಯಾರೂ ಅವಳ ಮುಖ ನೋಡಲ್ಲ. ಕ್ಯಾಮೆರಾನೂ ನೋಡಲ್ಲ, ಬರೀ ಕೈ, ಬಕೆಟ್ಟು. ಕೊನೇಲಿ ಈ ಕೆಂಪು ಚಪ್ಪಲಿ ಬಂತಲ್ಲ, ಅದು ಯಾರದ್ದು?"

"ಯಾರದ್ದು?"

"ಹಾಡೋಳದ್ದೇ. ಮೊದಲನೇ ಸೀನಲ್ಲಿ ಹಾಕ್ಕೊಂಡಿದಾಳೆ. ಅವಳೂ ತುಳಿದುಬಿಟ್ಟು ಹೋಗ್ತಾಳೆ. ಅದೇ ಅದರ ಕಥೆ. ಬಾಯಲ್ಲಿ ಹೇಳಿದ್ರೆ ಭಾಷಣ ಆಗ್ತಿತ್ತು."

ಏಳು ವಾರದಲ್ಲಿ ಅವಳು ಇಷ್ಟು ಮಾತಾಡಿರಲಿಲ್ಲ. ಮೂರು ವಿಡಿಯೋ ತೋರಿಸಿದಳು. ಒಂದೊಂದರಲ್ಲೂ ನಿಲ್ಲಿಸಿ ನಿಲ್ಲಿಸಿ, ಬಾಗಿಲು ಯಾವ ಕಡೆ ತೆರೆಯುತ್ತದೆ, ಯಾರ ಕೈಯಲ್ಲಿ ಏನಿದೆ. ಅಕ್ಕನದೇ ಕಣ್ಣು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

ಮಾರ್ಚ್ ೧೫, ಶನಿವಾರ

ಒಂದು ಶಾಲೆಯ ಸಭಾಂಗಣದಲ್ಲಿ ಅಭ್ಯಾಸ. ಹನ್ನೆರಡು ಹುಡುಗಿಯರು, ಹನ್ನೆರಡು ಬೆಡ್‌ಶೀಟು. ಹಾಡು ಬೆಳಗಿನ ಬಗ್ಗೆ. ಕಥೆ ಹೀಗಂತೆ: ಲಾಂಡ್ರಿಯ ಹುಡುಗಿಯರು ಶೀಟುಗಳನ್ನು ಹಾಯಿ ಮಾಡಿ ತೇಲುತ್ತಾರೆ, ಎಲ್ಲ ಬೆಳ್ಳಗೆ, ಎಲ್ಲ ಬೆಳಕು.

"ದುಡಿಯೋ ಹೆಂಗಸರ ಹೆಮ್ಮೆ ಕಾಣ್ಬೇಕು," ಅಂದಳು ಹಾಡುಗಾರ್ತಿ. ಹೇಳಿ, ತನಗೇ ಅದು ಸಾಲದು ಅನ್ನುವ ಹಾಗೆ ಉಗುರು ಕಚ್ಚಿದಳು.

ಕೈಮಾತು ಕಲಿಸಿದೆ. ಬೇಗ ಕಲಿತರು. ಮಾಸ್ಟರು, "ಬೆಳಿಗ್ಗೆ ಕೆಲಸ ಶುರು ಮಾಡೋವಾಗ ಏನೇನು ಮಾಡ್ತೀರೋ ಹಾಗೇ ಮಾಡಿ ತೋರಿಸಿ," ಅಂದರು. ಏಪ್ರನ್ ಕಟ್ಟಿದೆ, ಮೇಜು ಒರೆಸಿದೆ, ಗಾಡಿ ಎಳೆದೆ. ಆಮೇಲೆ ನನ್ನ ಎರಡು ಕೈ ತಾವಾಗಿಯೇ ತಲೆಯ ಮೇಲೆ ಹೋದವು. ತಿರುವಿದವು, ಎಳೆದವು, ಗಂಟು ಬಿಗಿದವು. ನಾನು ಮಾಡಿದ್ದಲ್ಲ. ಹನ್ನೆರಡು ವರ್ಷದ ಅಭ್ಯಾಸ.

"ಅಬ್ಬಾ, ಇದು ಚೆನ್ನಾಗಿದೆ. ಏನಿದು?"

"ಕೂದಲು ಕಟ್ಟೋದು," ಅಂದೆ.

ಅದನ್ನೇ ಹಾಡಿನ ಮುಖ್ಯ ಹೆಜ್ಜೆ ಮಾಡಿದರು. ಹನ್ನೆರಡು ಜನ ಒಟ್ಟಿಗೆ ಕೈಯೆತ್ತಿ, ನಗುತ್ತಾ, ತಿರುವಿ, ಎಳೆದು, ಬಿಗಿದರು. ಮತ್ತೆ. ಮತ್ತೆ. ನಾನು ನೀರು ಕುಡಿಯುವ ನೆಪದಲ್ಲಿ ಹೊರಗೆ ಬಂದೆ. ನಲ್ಲಿ ತಿರುಗಿಸಿದೆ, ಕುಡಿಯಲಿಲ್ಲ.

ಮಾರ್ಚ್ ೧೬, ಭಾನುವಾರ

ಅದು ಕೂದಲಲ್ಲ. ಹಗ್ಗ.

ರೋಲರ್ ಮುಂದೆ ಸೊಂಟದೆತ್ತರಕ್ಕೆ ಒಂದು ಹಗ್ಗ ಹಾದುಹೋಗುತ್ತದೆ. ಎಳೆದರೆ ಯಂತ್ರ ನಿಲ್ಲುತ್ತದೆ. ಆದರೆ ಒದ್ದೆ ಶೀಟನ್ನು ಕೊಡವಿದಾಗ ಅದಕ್ಕೆ ಸಿಕ್ಕಿಕೊಳ್ಳುತ್ತದೆ, ಸುಮ್ಮಸುಮ್ಮನೆ ಯಂತ್ರ ನಿಲ್ಲುತ್ತದೆ, ಒಳಗಿದ್ದ ಬಟ್ಟೆ ಸುಟ್ಟು ಕಂದಾಗುತ್ತದೆ. ಸೀಟಿ ಬಂದು ಬೈಯುತ್ತಾನೆ. ಅವನೇ ಹೇಳಿದ್ದು, ಮೇಲೆ ಕಟ್ಟಿ ಅಂತ. ಬೆಳಿಗ್ಗೆ ಮೊದಲು ಬಂದವರು ಹರಿದ ಶೀಟಿನ ಅಂಚಿನಿಂದ ಹಗ್ಗವನ್ನು ಮೇಲಿನ ಪೈಪಿಗೆ ಬಿಗಿದು, ಬಂದವರಿಗೆಲ್ಲ ಕೈಯಲ್ಲಿ ಹೇಳುತ್ತೇವೆ: ಹಗ್ಗ ಕಟ್ಟಾಯಿತು, ಶುರು ಮಾಡಿ.

ಆ ದಿನ ಅಕ್ಕನಿಗಿಂತ ನಾಲ್ಕು ಹೆಜ್ಜೆ ಮುಂದೆ, ಎಲ್ಲರಿಗಿಂತ ಮೊದಲು ಒಳಗೆ ಬಂದವಳು ನಾನು. ಗಂಟು ನನ್ನದು.

ಶೀಟಿನ ಅಂಚು ಬಿಚ್ಚಿ ಅಕ್ಕನ ಬಲಗೈ ಮಣಿಕಟ್ಟಿಗೆ ಸುತ್ತಿತ್ತು. ಅವಳು ಕಿರುಚಿದಳೋ ಇಲ್ಲವೋ, ಕೇಳಿಸಲಿಲ್ಲ. ಎಡಗೈ ಮುಷ್ಟಿ ಮಾಡಿ ಎದೆಗೆ ಹೊಡೆದುಕೊಂಡಳು. ನಿಲ್ಲಿಸು. ನನ್ನ ಕೈ ಸೊಂಟದ ಹತ್ತಿರ ಹುಡುಕಿತು. ಅಲ್ಲಿ ಏನೂ ಇರಲಿಲ್ಲ. ಹಾರಿ ಮೇಲಿನ ಹಗ್ಗ ಹಿಡಿದು ಜೋತುಬಿದ್ದೆ. ಎಳೆತವೆಲ್ಲ ಪೈಪಿಗೆ ಹೋಯಿತು. ಆಮೇಲೆ ಗೋಡೆಯ ಸ್ವಿಚ್ಚಿಗೆ ಓಡಿದೆ. ಹನ್ನೊಂದು ಹೆಜ್ಜೆ.

ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಮಾತಾಡಲಿಲ್ಲ.

ಅಧಿಕಾರಿಗಳು ಬರುವ ಮೊದಲೇ ಸೀಟಿ ಗಂಟು ಕತ್ತರಿಸಿ ಹಗ್ಗ ಇಳಿಸಿದ. ಕತ್ತರಿಸುತ್ತಾ ನನ್ನ ಕಡೆ ನೋಡಿ, "ಕಟ್ಟಿದ್ದು ನೀನಲ್ವಾ?" ಅಂದ. ಅಷ್ಟೇ ಸಾಕಾಯಿತು ನನಗೆ.

ಈ ಹಾಳೆ ಹರಿಯಬೇಕು. ಹರಿಯುತ್ತೇನೆ.

ಮಾರ್ಚ್ ೧೯, ಬುಧವಾರ

ಶಾಲೆ ಮುಗಿಸಿ ಗುಬ್ಬಿಯೂ ಅಭ್ಯಾಸ ನೋಡಲು ಬಂದಳು. ಬೇಡ ಅನ್ನಲು ಏನು ಕಾರಣ ಕೊಡಲಿ? ಅವಳು ಮೂಲೆಯಲ್ಲಿ ಮಂಡಿ ಮಡಿಸಿ ಕೂತು ಕಣ್ಣು ಮಿಟುಕಿಸದೆ ನೋಡಿದಳು. ನಮ್ಮ ಕೈಮಾತಿನಲ್ಲಿ ಅರ್ಧ ಅವಳಿಗೆ ಗೊತ್ತು. ಮನೆಯಲ್ಲಿ ನಾನೂ ಅಕ್ಕನೂ ಬೇಡದ ನೆಂಟರು ಬಂದಾಗ ಕಿವಿ ಹಿಂಡಿಕೊಳ್ಳುತ್ತಿದ್ದೆವು. ಹಗ್ಗದ ಮಾತು ಮಾತ್ರ ಮನೆಯೊಳಗೆ ಬಂದಿರಲಿಲ್ಲ.

ಬಸ್ಸಿನಲ್ಲಿ ಕೇಳಿದಳು.

"ಆ ಕೂದಲು ಕಟ್ಟೋ ಸ್ಟೆಪ್ ನೀನೇ ಹೇಳ್ಕೊಟ್ಟಿದ್ದಾ?"

"ಹೂಂ."

"ಅಲ್ಲಿ ಎಲ್ರೂ ಟೋಪಿ ಹಾಕ್ಕೊಂಡಿರ್ತೀರಲ್ಲ. ಒಂದು ಕೂದಲು ಹೊರಗೆ ಬಂದ್ರೂ ಬೈತಾರೆ ಅಂತ ಅಮ್ಮ ಮನೇಲೇ ಬಿಗಿದು ಹೋಗ್ತಿದ್ಲು. ಅಲ್ಲಿ ಯಾಕೆ ಕಟ್ತೀರಿ?"

"ಡ್ಯಾನ್ಸಿಗೆ ಚೆನ್ನಾಗಿರುತ್ತೆ ಅಂತ."

ಅವಳು ಕಿಟಕಿಯ ಕಡೆ ತಿರುಗಿದಳು. ಸ್ವಲ್ಪ ಹೊತ್ತು ಬಿಟ್ಟು, "ಅವರು ಯಾವುದನ್ನೂ ಸುಮ್ನೆ ಹಾಕಲ್ಲ ಚಿಕ್ಕಮ್ಮ. ಇದೊಂದು ಸುಳ್ಳು ಅನ್ಸುತ್ತೆ. ಯಾಕೋ ಹಾಡಿಗೆ ಅಂಟ್ಕೊಂಡಿಲ್ಲ," ಅಂದಳು.

ನನ್ನ ಕೈ ಎರಡನ್ನೂ ಚೀಲದ ಕೆಳಗೆ ಇಟ್ಟುಕೊಂಡೆ.

ಮಾರ್ಚ್ ೨೦, ಗುರುವಾರ

ಇವತ್ತು ಒಂದೇ ಮೇಜನ್ನು ಮೂರು ಸಲ ಒರೆಸಿದೆ. ಹೊಸ ಹುಡುಗಿ ರೋಲರ್ ಹತ್ತಿರ ನಿಂತು ತಲೆಯ ಮೇಲೆ ಕೈಯೆತ್ತಿ ತಿರುವಿ ತೋರಿಸಿದಳು. ಹಗ್ಗ ಕಟ್ಟಾಯಿತು. ಇನ್ನೂ ಕಟ್ಟುತ್ತಿದ್ದಾರೆ.

ಮಾರ್ಚ್ ೨೧, ಶುಕ್ರವಾರ

ಗುಬ್ಬಿ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು.

"ಆ ದಿನ ಬೆಳಿಗ್ಗೆ ಅಮ್ಮಂಗೆ ಏನಂದೆ ಗೊತ್ತಾ? ನೀನು ಮನೆಗೆ ಬರ್ದೇ ಇದ್ರೆ ಚೆನ್ನಾಗಿರುತ್ತೆ ಅಂದೆ. ಬೂಟಿಗೋಸ್ಕರ."

ಮಕ್ಕಳು ಅನ್ನುತ್ತಾರೆ, ಅಮ್ಮಂದಿರು ಮರೆಯುತ್ತಾರೆ ಅಂದೆ.

"ಮರೆತಿದ್ರೆ ಗಮನ ಇಟ್ಟು ಕೆಲಸ ಮಾಡ್ತಿದ್ಲು."

ನಾಲಿಗೆಯ ತುದಿಗೆ ಬಂದಿತ್ತು. ಎದ್ದು ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಮಾರ್ಚ್ ೨೩, ಭಾನುವಾರ

ಮನೆಗೆ ಬಂದವಳು ಏಪ್ರನ್ ಕೂಡ ಬಿಚ್ಚದೆ ಬರೆಯಲು ಕೂತಿದ್ದೇನೆ.

ಇವತ್ತು ಲಾಂಡ್ರಿಯಲ್ಲಿ ಚಿತ್ರೀಕರಣ. ರಜೆ ದಿನವಾದರೂ ನಮ್ಮವರು ಹದಿನೈದು ಜನ ಬಂದಿದ್ದರು. ಹಿಂದೆ ಸುಮ್ಮನೆ ನಿಲ್ಲುವುದಕ್ಕೆ. ಗೋಡೆಗೆ ಹೊಸ ಸುಣ್ಣ. ಯಜಮಾನರು ಇಸ್ತ್ರಿ ಅಂಗಿಯಲ್ಲಿ, ಸೀಟಿ ಹೊಸ ಟೋಪಿಯಲ್ಲಿ. ಗುಬ್ಬಿ ಪರೀಕ್ಷೆಗೆ ಓದಬೇಕೆಂದು ಮನೆಯಲ್ಲೇ ಉಳಿದಿದ್ದಳು. ಅದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ.

ಮೊದಲ ದೃಶ್ಯಕ್ಕೆ ಬರೀ ಕೈ ಬೇಕು ಅಂದಳು ಹಾಡುಗಾರ್ತಿ. "ನಮ್ಮ ಹುಡುಗಿಯರ ಕೈ ತುಂಬಾ ನಯ. ನಿಮ್ಮದೇ ಇರಲಿ. ಮುಖ ತೋರಿಸಲ್ಲ. ರೋಲರ್ ಮುಂದೆ ನಿಂತು ಬೆಳಗಿನ ಕೆಲಸ ಮಾಡಿ, ಕೊನೇಲಿ ಕೂದಲು ಕಟ್ಟಿ. ಅಷ್ಟೇ."

ಅಕ್ಕನ ದಿನದಿಂದ ಅಲ್ಲಿ ನಿಂತಿರಲಿಲ್ಲ. ಯಂತ್ರ ಆರಿತ್ತು. ಸದ್ದಿಲ್ಲದ ರೋಲರನ್ನು ನಾನು ಕೆಲಸವಿಲ್ಲದೆ ನಿಂತು ನೋಡಿದ್ದು ಇದೇ ಮೊದಲು. ಹಾಡು ಹಾಕಿದರು. ಏಪ್ರನ್ ಕಟ್ಟಿದೆ. ಮೇಜು ಒರೆಸಿದೆ. ಕೈ ಮೇಲೆತ್ತಿದೆ, ತಿರುವಿದೆ, ಎಳೆದೆ, ಬಿಗಿದೆ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಕೈ ನಿಲ್ಲಲಿಲ್ಲ. ಎರಡು ಬೆರಳು ತುಟಿಗೆ ಹೋದವು. ಸೀಟಿ. ಅವನು ಹೇಳಿದ ಅಂತ ತೋರಿಸಿದೆ. ನನ್ನ ಎದೆ ತಟ್ಟಿ ನಾನು ಕಟ್ಟಿದೆ ಅಂತ ತೋರಿಸಿದೆ. ಆಮೇಲೆ ಬಲಗಡೆಗೆ ಎರಡು ಹೆಜ್ಜೆ ಸರಿದು ಅಕ್ಕನ ಜಾಗದಲ್ಲಿ ನಿಂತೆ. ಮೊಣಕೈ ತಟ್ಟಿದೆ, ಸುತ್ತಿಕೊಂಡಿದೆ. ಎಡಗೈ ಮುಷ್ಟಿ ಎದೆಗೆ. ನಿಲ್ಲಿಸು. ನಿಲ್ಲಿಸು. ತಿರುಗಿ ನನ್ನ ಜಾಗಕ್ಕೆ ಬಂದು, ಸೊಂಟದ ಹತ್ತಿರ ಹುಡುಕಿದೆ, ಮೇಲಕ್ಕೆ ಹಾರಿದೆ, ಜೋತುಬಿದ್ದೆ. ಗೋಡೆಯವರೆಗೆ ಹನ್ನೊಂದು ಹೆಜ್ಜೆ ಹೋದೆ.

ಹಾಡು ಮುಗಿಯಿತು. ಹಿಂದೆ ನಿಂತ ನಮ್ಮವರಲ್ಲಿ ಒಬ್ಬರೂ ಅಲುಗಾಡಿರಲಿಲ್ಲ. ಸೋಪಜ್ಜಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಆಮೇಲೆ ಅವಳೂ ತಲೆಯ ಮೇಲೆ ಕೈಯೆತ್ತಿ ತಿರುವಿ, ತನ್ನ ಎದೆ ತಟ್ಟಿಕೊಂಡಳು. ನಾನೂ ಕಟ್ಟಿದ್ದೇನೆ. ಅವಳ ಪಕ್ಕದವಳೂ ಹಾಗೇ ಮಾಡಿದಳು. ಮತ್ತೊಬ್ಬಳು.

ಸೀಟಿಗೆ ನಮ್ಮ ಕೈಮಾತು ಚೆನ್ನಾಗಿ ಬರುತ್ತದೆ. "ಇದನ್ನ ಅಳಿಸಿ. ಇವಳಿಗೆ ತಲೆ ಸರಿಯಿಲ್ಲ, ಅಕ್ಕ ಸತ್ತಮೇಲೆ ಹೀಗಾಗಿದಾಳೆ," ಅಂದ.

ಹಾಡುಗಾರ್ತಿ ಅವನ ಕಡೆ ನೋಡಲಿಲ್ಲ. ನನ್ನ ಹತ್ತಿರ ಬಂದು, "ಏನು ಹೇಳಿದ್ರಿ ಈಗ?" ಅಂತ ಮೆಲ್ಲಗೆ ಕೇಳಿದಳು.

ಬಾಯಲ್ಲಿ ಹೇಳಿದೆ. ಎಷ್ಟು ಹೊತ್ತು ಹೇಳಿದೆನೋ ಗೊತ್ತಿಲ್ಲ. ಕೂದಲು ಅಂದದ್ದು ಸುಳ್ಳು ಅಂತಲೂ ಹೇಳಿದೆ. ಯಜಮಾನರು ಮಧ್ಯದಲ್ಲೇ ಹೊರಟುಹೋದರು. ಹತ್ತು ನಿಮಿಷದಲ್ಲಿ ದೀಪಗಳನ್ನು ಆರಿಸಿ ಎಲ್ಲರನ್ನೂ ಹೊರಗೆ ಹಾಕಿದರು.

ಮಾರ್ಚ್ ೨೪, ಸೋಮವಾರ

ಗೇಟಿನಲ್ಲೇ ತಡೆದರು. ಕೆಲಸವಿಲ್ಲ. ಗುಬ್ಬಿಗೆ ರಜೆ ಅಂತ ಹೇಳಿದೆ.

ಏಪ್ರಿಲ್ ೨, ಬುಧವಾರ

ಉಳಿದದ್ದನ್ನು ಶಾಲೆಯ ಸಭಾಂಗಣದಲ್ಲೇ ತೆಗೆದರು. ಇಡೀ ವಾರ ಹೋದೆ. ಮಾತಾಡುವವಳಲ್ಲ ನಾನು, ಆದರೆ ಅಲ್ಲಿ ಯಾರಾದರೂ ತಪ್ಪು ಮಾಡಿದರೆ ಸುಮ್ಮನಿರಲಾಗಲಿಲ್ಲ. ಮುಷ್ಟಿ ಹಾಗಲ್ಲ, ಹೆಬ್ಬೆರಳು ಒಳಗೆ. ಹಗ್ಗ ಕಟ್ಟುವಾಗ ಮುಖದಲ್ಲಿ ಏನೂ ಇರಬಾರದು, ನಾವು ಅದನ್ನು ಯೋಚಿಸಿ ಕಟ್ಟುವುದಿಲ್ಲ, ಹಲ್ಲುಜ್ಜಿದ ಹಾಗೆ ಕಟ್ಟುತ್ತೇವೆ. ಮಾಸ್ಟರು ತಲೆಯಾಡಿಸಿ, "ಟೀಚರಮ್ಮ ಹೇಳಿದ ಹಾಗೆ ಮಾಡ್ರಪ್ಪ," ಅಂದರು. ಹುಡುಗಿಯರು ನಕ್ಕರು.

ಹಾಯಿ ಇಲ್ಲ, ತೇಲುವುದೂ ಇಲ್ಲ. ಹಾಡಿನ ಒಂದು ಶಬ್ದವನ್ನೂ ಬದಲಿಸಲಿಲ್ಲ ಹಾಡುಗಾರ್ತಿ. "ಹಾಡು ಬೆಳಗಿನ ಬಗ್ಗೆನೇ ಇರಲಿ. ದಿನಾ ಬೆಳಗಾಗುತ್ತೆ, ದಿನಾ ಕಟ್ತಾರೆ. ನೋಡೋರೇ ಎರಡನ್ನೂ ಜೋಡಿಸ್ಕೊಳ್ಳಲಿ," ಅಂದಳು.

ಕೊನೆಗೆ ನನ್ನನ್ನು ಪಕ್ಕಕ್ಕೆ ಕರೆದಳು. "ಆ ದಿನದ ನಿಮ್ಮ ಕೈಗಳನ್ನೇ ಮೊದಲಿಗೆ ಇಡ್ತೀನಿ. ಗುರುತು ಸಿಗುತ್ತೆ. ಇಡ್ಲಾ?"

"ಇಡಿ."

"ಮನೇಲಿ ಹೇಳಿದೀರಾ, ಮಗೂಗೆ?"

"ಹೇಳ್ತೀನಿ. ಪರೀಕ್ಷೆ ಮುಗೀಲಿ."

ಏಪ್ರಿಲ್ ೧೧, ಶುಕ್ರವಾರ

ಪರೀಕ್ಷೆ ಮುಗಿಯಿತು. ಹೇಳಲಿಲ್ಲ.

ಏಪ್ರಿಲ್ ೧೪, ಸೋಮವಾರ

ಗುಬ್ಬಿ ತಲೆ ಬಾಚಿಸಿಕೊಳ್ಳಲು ಬಂದಳು. ಜಡೆ ಹಾಕುತ್ತಾ, ಈಗ ಹೇಳುತ್ತೇನೆ, ಈ ಎಳೆ ಮುಗಿಯಲಿ ಅಂದುಕೊಂಡೆ. ಜಡೆ ಮುಗಿಯಿತು.

ಏಪ್ರಿಲ್ ೧೮, ಶುಕ್ರವಾರ

ವಿಡಿಯೋ ಬಂದಿದೆ. ಬೆಳಿಗ್ಗೆ ಸೋಪಜ್ಜಿ ಮನೆಯವರೆಗೂ ಬಂದು ಹೇಳಿದಳು. ಅವಳ ಸೊಸೆ ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿದ್ದಾಳೆ. ಅಲ್ಲಿ ಹೆಂಗಸರು ನಿನ್ನೆ ತಿಂಡಿಯ ಹೊತ್ತಿನಲ್ಲಿ ಒಂದೇ ಫೋನಿಗೆ ಮುತ್ತಿಕೊಂಡು ನೋಡಿದರಂತೆ. ಬೇರೆಯವರಿಗೆ ಅದು ಡ್ಯಾನ್ಸು. ಲಾಂಡ್ರಿಯವರು ಎರಡನೇ ಸಲ ನೋಡಲಿಲ್ಲ. ಎದ್ದು ಹೋಗಿ ಎರಡೂ ರೋಲರ್‌ಗಳ ಹಗ್ಗ ಬಿಚ್ಚಿ ಕೆಳಗಿಳಿಸಿದರಂತೆ. ಸೂಪರ್‌ವೈಸರು ನೋಡುತ್ತಾ ನಿಂತಿದ್ದನಂತೆ.

"ನಮ್ಮಲ್ಲಿ?" ಅಂದೆ.

"ನಮ್ಮಲ್ಲಿ ನಿನ್ನೆಯಿಂದಲೇ ಕೆಳಗಿದೆ. ಸೀಟಿ ಎರಡು ಸಲ ಕಟ್ಟಿಸೋಕೆ ನೋಡಿದ. ನೀನೇ ಕಟ್ಟಪ್ಪ, ಕ್ಯಾಮೆರಾ ತರಿಸ್ತೀವಿ ಅಂದೆ."

ನಗು ಬಂತು. ಆಮೇಲೆ ಬಾಗಿಲ ಕಡೆ ನೋಡಿದೆ. ಗುಬ್ಬಿ ಗೆಳತಿಯ ಮನೆಗೆ ಹೋಗಿದ್ದಳು. ಅಲ್ಲಿ ಫೋನ್ ಇಲ್ಲವೇ?

ಸಂಜೆ ಬಂದಳು. ಊಟ ಬೇಡ ಅಂದಳು. ಹೋಗಿ ಮಲಗಿದಳು.

ಏಪ್ರಿಲ್ ೧೯, ಶನಿವಾರ

ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಫೋನ್ ಇಟ್ಟಳು. "ಕೂತ್ಕೋ."

ಕೂತೆ. ವಿಡಿಯೋ ಹಾಕಿದಳು. ಮೊದಲ ದೃಶ್ಯದಲ್ಲೇ ನಿಲ್ಲಿಸಿದಳು. ಎತ್ತಿದ ಎರಡು ಕೈ.

"ಇದು ನಿನ್ನ ಕೈ."

"ಹೂಂ."

"ಕೂದಲಲ್ಲ."

"ಅಲ್ಲ."

ಮುಂದಕ್ಕೆ ಓಡಿಸಿದಳು. ಹನ್ನೆರಡು ಹುಡುಗಿಯರು ಜೋಡಿಜೋಡಿಯಾಗಿ ಶೀಟು ಮಡಿಸುತ್ತಾರೆ, ಎದುರುಬದುರು ನಡೆದು ತುದಿಗೆ ತುದಿ ಸೇರಿಸುತ್ತಾರೆ. ಹಾಡಿನಲ್ಲಿ ಬೆಳಗಾಯಿತು ಅಂದಾಗೆಲ್ಲ ಎಲ್ಲ ಕೈಗಳೂ ಮೇಲೆ ಹೋಗಿ ಬಿಗಿಯುತ್ತವೆ. ಮೂರನೇ ಸಲ ಬೆಳಗಾದಾಗ ಒಂದು ಜೋಡಿಯಲ್ಲಿ ಒಬ್ಬಳೇ ಇದ್ದಾಳೆ. ಅವಳ ಶೀಟಿನ ಆ ತುದಿ ನೆಲದ ಮೇಲೆ ಎಳೆಯುತ್ತದೆ. ಉಳಿದವರು ಮಡಿಸುತ್ತಲೇ ಇದ್ದಾರೆ.

"ಇವಳು ಗೋಡೆಗೆ ಹೋಗ್ತಾಳಲ್ಲ. ಎಣಿಸ್ದೆ. ಹನ್ನೊಂದು ಹೆಜ್ಜೆ. ಅಲ್ಲಿ ಹಾಡೇ ಇಲ್ಲ, ಬರೀ ಕಾಲಿನ ಸದ್ದು. ಯಾಕೆ ಹನ್ನೊಂದು?"

ಹೇಳಿದೆ. ಹಗ್ಗ, ಪೈಪು, ಸೀಟಿ, ಬೆಳಿಗ್ಗೆ ಮೊದಲು ಬಂದವಳು ಯಾರು, ಎಲ್ಲ. ಒಂದನ್ನೂ ಬಿಡಲಿಲ್ಲ. ಅವಳು ಫೋನಿನ ಮೇಲಿಂದ ಕಣ್ಣೆತ್ತಲಿಲ್ಲ.

"ಅಮ್ಮ ನಿಲ್ಸು ಅಂದ್ಲಾ?"

"ಅಂದಳು. ಎಡಗೈಲಿ. ನನ್ನನ್ನೇ ನೋಡ್ತಾ."

"ಅಂದ್ರೆ ಅವಳಿಗೆ ಗಮನ ಇತ್ತು."

"ಇತ್ತು."

"ನನ್ನ ಜಗಳ..."

"ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ ಪುಟ್ಟ. ಅವತ್ತು ಬಸ್ಸಲ್ಲಿ ನಿನ್ನ ಬೂಟಿನ ಬಗ್ಗೆ ಹೇಳಿ ನಗ್ತಾ ಬಂದಳು. ನಂದೇ ಹಠ ಇದಕ್ಕೂ ಬಂದಿದೆ ಅಂದಳು."

ಗುಬ್ಬಿ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು.

"ಮೂರು ತಿಂಗಳು ನಾನು ನನ್ನನ್ನೇ ಬೈಕೊಂಡೆ. ನೀನು ಎದುರಿಗೇ ಕೂತು ನೋಡ್ತಾ ಇದ್ದೆ."

ಹೌದು ಅಂದೆ.

ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಏಪ್ರಿಲ್ ೨೦, ಭಾನುವಾರ

ಮಾಡಿಟ್ಟಿದ್ದನ್ನು ಗುಬ್ಬಿ ನಾನು ಹೊರಗೆ ಹೋದಾಗ ತಿಂದಿದ್ದಾಳೆ.

ಇಲಾಖೆಗೆ ಹೋಗಿ ಹೇಳಿಕೆ ಬದಲಿಸಬೇಕು. ಬರೆಯಲು ಕೂತೆ. ಈ ನೋಟ್‌ಬುಕ್ಕಿನಲ್ಲಿ ಸರಾಗವಾಗಿ ಬರುವುದು ಅರ್ಜಿಯಲ್ಲಿ ಬರುವುದಿಲ್ಲ. ನಾಲ್ಕು ಹಾಳೆ ಹಾಳು ಮಾಡಿದೆ.

ಏಪ್ರಿಲ್ ೨೧, ಸೋಮವಾರ

ಬೆಳಿಗ್ಗೆ ಎದ್ದಾಗ ಗುಬ್ಬಿ ನಾನು ಹಾಳು ಮಾಡಿದ ಹಾಳೆಗಳನ್ನು ಓದುತ್ತಾ ಕೂತಿದ್ದಳು. ಹೊಸ ಹಾಳೆ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದಳು. "ಹೇಳಿ," ಅಂದಳು. ನನಗೆ ಬಹುವಚನ.

ಹೇಳಿದೆ. ಅವಳು ಬರೆದಳು. ಹಗ್ಗವನ್ನು ಮೇಲೆ ಕಟ್ಟಲಾಗಿತ್ತು ಅಂದಾಗ ಪೆನ್ನು ನಿಂತಿತು.

"ಯಾರು ಕಟ್ಟಿದ್ದು ಅಂತ ಬರಿಬೇಕಲ್ಲ."

"ನಾನು ಅಂತ ಬರಿ. ಸೂಪರ್‌ವೈಸರ್ ಹೇಳಿದ್ದಕ್ಕೆ ಅಂತಲೂ ಬರಿ. ಮೊದಲು ನಾನು ಅಂತ ಬರಿ."

ಬರೆದಳು. ಎಲ್ಲ ಅಕ್ಷರಗಳ ಹಾಗೆ ಅದೂ ದುಂಡಗಿತ್ತು.

ಇಲಾಖೆಗೆ ಜೊತೆಗೆ ಬರುತ್ತಾಳೆಂದು ನಾನು ಅಂದುಕೊಂಡಿರಲಿಲ್ಲ. ಬಂದಳು. ಗುಮಾಸ್ತರು ಅರ್ಜಿಯನ್ನು ಎರಡು ಸಲ ಓದಿ, ಕನ್ನಡಕ ಮೇಲೇರಿಸಿ ನನ್ನನ್ನು ನೋಡಿದರು.

"ಇದು ಕೊಟ್ರೆ ನಿಮ್ಮ ಮೇಲೂ ಕೇಸ್ ಬರಬಹುದು. ಗೊತ್ತಾ?"

"ಗೊತ್ತು."

"ಹಿಂದೆ ನೋಡಿಲ್ಲ ಅಂತ ಹೇಳಿದ್ರಿ."

"ಸುಳ್ಳು ಹೇಳಿದ್ದೆ."

"ಅಕ್ಷರ ನಿಮ್ದಾ?"

"ನಂದು," ಅಂದಳು ಗುಬ್ಬಿ. "ಸತ್ತೋರ ಮಗಳು ನಾನು."

ಅವರ ದನಿ ಇಳಿಯಿತು. ನನ್ನ ಕಡೆ ಬೆರಳು ಮಾಡಿ ಅವಳನ್ನೇ ಕೇಳಿದರು. "ಇವರು ನಿನಗೆ ಏನಾಗಬೇಕಮ್ಮ?"

ಶನಿವಾರದಿಂದ ಅವಳು ನನ್ನನ್ನು ಏನೆಂದೂ ಕರೆದಿರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಗುಮಾಸ್ತರ ಪೆನ್ನು ಕಾಯುತ್ತಿತ್ತು. ಅವಳು ಏನೂ ಆಗಬೇಕಿಲ್ಲ ಅಂದರೂ ಸರಿಯೇ ಅಂತ ಮನಸ್ಸು ಗಟ್ಟಿ ಮಾಡಿಕೊಂಡೆ.

"ಚಿಕ್ಕಮ್ಮ," ಅಂದಳು. ನನ್ನ ಕಡೆ ನೋಡಲಿಲ್ಲ.

ಅವರು ಬರೆದುಕೊಂಡು ಮೊಹರು ಹಾಕಿದರು.

ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿತ್ತು. ಅವಳು ಎರಡು ಸೀಟು ಮುಂದೆ ಹೋಗಿ ಕೂತಳು. ದಾರಿಯುದ್ದಕ್ಕೂ ಅವಳ ಜಡೆಯನ್ನೇ ನೋಡಿದೆ. ಸರಿಯಾಗಿ ಹಾಕಿಕೊಳ್ಳಲು ಬಂದಿಲ್ಲ, ಒಂದು ಕಡೆ ಸಡಿಲ. ಗೆಳತಿಯ ಮನೆಯ ನಿಲ್ದಾಣ ಬಂತು. ಬಸ್ಸು ನಿಂತಿತು, ಬಾಗಿಲು ತೆರೆಯಿತು, ಅವಳು ಏಳಲಿಲ್ಲ. ನಮ್ಮದರಲ್ಲಿ ಇಳಿದಳು.